ಅತ್ತೆಯ ಇಂಗ್ಲಿಷಿಗೆ ಅಜ್ಜಿಯ ಹೂಂ

ನಮ್ಮ ಅತ್ತೆಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಪಕ್ಕದಲ್ಲಿ ಇಂಗ್ಲಿಷ್ ಬಾರದವರೊಬ್ಬರು ಕೂತಿದ್ದರೆ ಮಾತ್ರ ಬರುತ್ತಿತ್ತು!

ಇದೇನಪ್ಪ ಒಗಟು ಎಂದು ಹುಬ್ಬೇರಿಸಬೇಡಿ. ನಾನೂ ಮೊದಮೊದಲು ಹುಬ್ಬೇರಿಸಿದವನೇ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಸೂಲಿಬೆಲೆಗೆ ಮದುವೆಯಾಗಿ ಹೋದವಳು, ಕೈಗೆ ಹಾಕಿದ ಬಳೆ ಸವೆಯುವುದಕ್ಕೆ ಮೊದಲೇ ಗಂಡನನ್ನು ಕಳೆದುಕೊಂಡು, ಹೊಸಕೋಟೆಗೆ ಕೂಗಳತೆಯಲ್ಲಿದ್ದ ನಮ್ಮ ಹಳ್ಳಿಗೆ ವಾಪಸು ಬಂದಳು. ಬಂದವಳು ಮೂಲೆಯಲ್ಲಿ ಕೂತು ಅಳುತ್ತಾಳೆ ಎಂದು ಊರೆಲ್ಲ ಕಾದಿತ್ತು. ಇವಳು ಮೂಲೆಯಲ್ಲಿ ಕೂತದ್ದೇನೋ ನಿಜ, ಆದರೆ ಕೈಯಲ್ಲಿ ಪುಸ್ತಕ! ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆಗುತ್ತೇನೆ ಎಂದಳು. ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಿದಳು. ಮಿಕ್ಕ ವಿಷಯವೆಲ್ಲ ಪಾಸು. ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ!

ಇಂಗ್ಲಿಷಿನಲ್ಲೂ ಎಲ್ಲಿ? ವ್ಯಾಕರಣದಲ್ಲಲ್ಲ, ಪದ್ಯದಲ್ಲೂ ಅಲ್ಲ. ಪರೀಕ್ಷೆಯಲ್ಲಿ ಯಾರೂ ಹಿಂದೆಂದೂ ಕಂಡಿರದ ಒಂದು ತುಂಡು ಬರಹ ಕೊಟ್ಟು, ಓದಿ ಅರ್ಥ ಮಾಡಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರಿ ಎನ್ನುತ್ತಾರಲ್ಲ, ಅದರಲ್ಲಿ. ಆ ತುಂಡಿಗೆ ಹುಡುಗರು 'ಪ್ಯಾಸೇಜು' ಎನ್ನುತ್ತಿದ್ದರು. ಅತ್ತೆ 'ಅರ್ಧಂಬರ್ಧ ಕಥೆ' ಎನ್ನುತ್ತಿದ್ದಳು.

ಅವಳಿಗೆ ಮೇಷ್ಟ್ರು ಯಾರು ಗೊತ್ತೆ? ನಾನು! ಇಂಗ್ಲಿಷಿನಲ್ಲೇ ಲಾಗ ಹಾಕಿ ಮನೆಯಲ್ಲಿ ಕೂತಿದ್ದ ಮಹಾಪಂಡಿತ. ನನಗಿದ್ದದ್ದು ಒಂದೇ ವಿದ್ಯೆ, ಅಣಕ. ಅಮಲ್ದಾರರು ಕೆಮ್ಮುವುದು, ಶಾನುಭೋಗರು ನಶ್ಯ ಏರಿಸುವುದು, ನನ್ನ ಇಂಗ್ಲಿಷ್ ಮೇಷ್ಟ್ರು ನನ್ನ ಉತ್ತರಪತ್ರಿಕೆ ಓದಿ ನಿಟ್ಟುಸಿರು ಬಿಡುವುದು, ಎಲ್ಲವನ್ನೂ ಅವರ ಹೆಂಡತಿಯರೇ ಮೋಸಹೋಗುವಂತೆ ಮಾಡುತ್ತಿದ್ದೆ. ಇಂಥ ನಾನು ಅತ್ತೆಗೆ ಮೊದಲ ದಿನವೇ ಗುಟ್ಟು ಹೇಳಿಕೊಟ್ಟೆ.

"ನೋಡತ್ತೆ, ಕಥೆ ಓದಲೇಬಾರದು. ಪ್ರಶ್ನೇಲಿರೋ ಪದ ಪ್ಯಾಸೇಜಲ್ಲಿ ಎಲ್ಲಿದೆ ಅಂತ ಹುಡುಕು. ಅದರ ಹಿಂದಿನ ಸಾಲು ಒಂದು, ಮುಂದಿನ ಸಾಲು ಒಂದು ಎತ್ತಿ ಹಾಕ್ಬಿಡು. ಮುಗೀತು!"

"ಲೋ, ಅದು ಕದ್ದಂಗಲ್ವೇನೋ?"

"ಎಲ್ಲಾರೂ ಹಂಗೇ ಬರೆಯೋದು ಅತ್ತೆ."

"ನೀನೂ ಹಂಗೇ ಬರೆದ್ಯಾ?"

"ಹೂಂ."

"ಅದಕ್ಕೇ ಇಲ್ಲಿ ಕೂತಿದ್ದೀಯ," ಎಂದು ಅತ್ತೆ ಪುಸ್ತಕ ತೆರೆದಳು. ಮೇಷ್ಟ್ರ ಮಾನ ಮೊದಲ ಪಾಠದಲ್ಲೇ ಹೋಯಿತು.

ಅತ್ತೆಯ ನಿಜವಾದ ತೊಂದರೆ ಆಮೇಲೆ ತಿಳಿಯಿತು. ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಮಾತುಮಾತಿಗೂ 'ಹೂಂ' ಅನ್ನಬೇಕು. ಹೂಂಗುಟ್ಟುವವರಿಲ್ಲದ ಕಥೆ ದಾರಿ ತಪ್ಪಿ ಇನ್ನೊಬ್ಬರ ಮನೆಗೆ ಹೋಗಿಬಿಡುತ್ತದೆ ಎನ್ನುವುದು ನಮ್ಮಜ್ಜಿಯ ಕಾನೂನು. ಆ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ಅತ್ತೆ ಇಂಗ್ಲಿಷಿಗೂ ಅದೇ ಕಾನೂನು ಹಾಕಿದ್ದಳು. ಒಂದು ವಾಕ್ಯ ಓದುವಳು, ನಿಲ್ಲುವಳು. ಯಾರಾದರೂ ಹೂಂ ಅಂದರೆ ಎರಡನೆಯ ವಾಕ್ಯ. ಅನ್ನದಿದ್ದರೆ ಮತ್ತೆ ಮೊದಲನೆಯದೇ, ಇನ್ನೂ ಗಟ್ಟಿಯಾಗಿ!

ಸರಿ, ಹೂಂ ಅನ್ನುವುದೇನು ಬ್ರಹ್ಮವಿದ್ಯೆಯೇ? ನಾನೇ ಅಂದೆ. ಒಂದಕ್ಕೆ ಅಮಲ್ದಾರರ ಹೂಂ: ಅರ್ಜಿ ನೋಡದೆಯೇ ಅನ್ನುವಂಥದ್ದು. ಇನ್ನೊಂದಕ್ಕೆ ದನದ ದಲ್ಲಾಳಿಯ ಹೂಂ: ಒಪ್ಪಿದನೋ ಬಿಟ್ಟನೋ ಅವನಪ್ಪನಿಗೂ ತಿಳಿಯದು. ಮತ್ತೊಂದಕ್ಕೆ ಮಾವನ ಮನೆಗೆ ಹೊಸದಾಗಿ ಬಂದ ಅಳಿಯನ ಹೂಂ: 'ಇನ್ನೊಂದು ಹೋಳಿಗೆ ಹಾಕ್ಲಾ?' ಅಂದಾಗ ಬರುವುದು. ಅತ್ತೆ ನಕ್ಕೂ ನಕ್ಕೂ ಪುಸ್ತಕ ಮಡಚಿಟ್ಟಳು.

"ಲೇ ಮೂದೇವಿ, ಏಳ್ಲಾ ಅತ್ಲಾಗೆ," ಎಂದು ಅಜ್ಜಿ ಮುಂದೆ ಬಂದಳು. ಅವರೆಕಾಯಿಯ ಕಾಲ. ನೆನೆಸಿದ ಅವರೆಕಾಳಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಕಾಳು ಹಿತುಕಿ ಬೇಳೆ ಬೋಗುಣಿಗೆ ಹಾರಿಸುತ್ತ ಕೂತಳು. "ಓದವ್ವ ನೀನು. ನಾನ್ ಹೂಂ ಅಂತೀನಿ."

"ಅಜ್ಜೀ, ಇಂಗ್ಲಿಷು!"

"ಇರ್ಲಿ ಬಿಡ್ಲಾ. ಅದೇನು ಕಚ್ಚೀತಾ?"

ನನ್ನ ಹೂಂಗೂ ಅಜ್ಜಿಯ ಹೂಂಗೂ ಒಂದು ವ್ಯತ್ಯಾಸವಿತ್ತು. ನಾನು ಸುಮ್ಮನೆ ಅಂದುಬಿಡುತ್ತಿದ್ದೆ. ಅಜ್ಜಿ ಅರ್ಥವಾಗದೆ ಅನ್ನುತ್ತಲೇ ಇರಲಿಲ್ಲ. ಅತ್ತೆ ಇಂಗ್ಲಿಷಿನಲ್ಲಿ ಓದಿ, ಅದನ್ನು ಕನ್ನಡದಲ್ಲಿ ಹೇಳಿ, ಅದು ಅಜ್ಜಿಯ ತಲೆಗೆ ಇಳಿದು, ಒಂದು ಬೇಳೆ ಪಟ್ಟನೆ ಬೋಗುಣಿಗೆ ಬಿದ್ದಮೇಲೆ ಬರುತ್ತಿತ್ತು, ಮೂಗಿನಿಂದ ಹೊರಟು ಎದೆಗೆ ಇಳಿಯುವ ಆ ಹೂಂ. ಎಲ್ಲರನ್ನೂ ಅಣಕಿಸುತ್ತಿದ್ದ ನನಗೆ ಅದೊಂದು ಮಾತ್ರ ಬರಲಿಲ್ಲ. ಹಿತ್ತಲಲ್ಲಿ ನಿಂತು ಎಷ್ಟು ಅಭ್ಯಾಸ ಮಾಡಿದರೂ ನೆಗಡಿಯಾದ ಕೋಣದಂತೆ ಕೇಳಿಸುತ್ತಿತ್ತು.

ಮೊದಲ ಕಥೆ ಸಮುದ್ರದ ನಡುವೆ ದೀಪದ ಗೋಪುರ ಕಾಯುವ ಒಬ್ಬ ಮುದುಕನದು. ಬಿರುಗಾಳಿ. ಎಣ್ಣೆ ತರುವ ದೋಣಿ ಬಂದಿಲ್ಲ. ದೀಪ ಆರಿದರೆ ಹಡಗುಗಳು ಬಂಡೆಗೆ ಬಡಿಯುತ್ತವೆ.

"ಅಲ್ಲೂ ಎಣ್ಣೆಗೆ ರೇಶನ್ನಾ?" ಎಂದಳು ಅಜ್ಜಿ. ಯುದ್ಧದ ಕಾಲ ನೋಡಿ, ನಮ್ಮೂರಲ್ಲಿ ಸೀಮೆಎಣ್ಣೆ ದೇವರ ತೀರ್ಥದ ಹಾಗೆ ಸಿಗುತ್ತಿತ್ತು.

"ಇಲ್ಲವ್ವ, ಬಿರುಗಾಳಿ ಅದಕ್ಕೆ."

"ಹೂಂ. ಆ ಮುದುಕನ್ಗೆ ಅಡಿಗೆ ಮಾಡಾಕೋರು ಯಾರು?"

"ಬರೆದಿಲ್ಲವ್ವ."

"ಬರೆದಿಲ್ವಾ? ಹಂಗಾರೆ ಬರೆದೋನು ಹೊಟ್ಟೆ ತುಂಬ ಉಂಡು ಬಂದು ಬರೆದವ್ನೆ ಬಿಡು!"

ಕೆಳಗೆ ಪ್ರಶ್ನೆ: ಮುದುಕ ಯಾಕೆ ಕಳವಳಪಟ್ಟ? ಅತ್ತೆ ಬರೆದ ಉತ್ತರ: 'ಹಡಗಿನಲ್ಲಿರುವವರಿಗಾಗಿ ಅವರವರ ಮನೆಯಲ್ಲಿ ಯಾರಾದರೂ ಕಾಯುತ್ತಿರುತ್ತಾರೆ, ಅದಕ್ಕೆ.'

ನಾನು ತಲೆ ಚಚ್ಚಿಕೊಂಡೆ. "ಅತ್ತೇ! ಎಣ್ಣೆ ಮುಗೀತಾ ಬಂದಿತ್ತು. ಅಷ್ಟೇ ಉತ್ತರ!"

"ಎಣ್ಣೆ ಮುಗಿದ್ರೆ ಎಣ್ಣೆಗೋಸ್ಕರ ಯಾರಾದ್ರೂ ಕಳವಳ ಪಡ್ತಾರೇನೋ?"

ಇದಕ್ಕೆ ಏನು ಹೇಳುತ್ತೀರಿ? "ಮೊದಲು ಎಣ್ಣೆ ಬರಿ. ಆಮೇಲೆ ಬೇಕಾದ್ರೆ ಮನೆಯೋರ್ನ ಬರಿ," ಎಂದು ರಾಜಿ ಮಾಡಿದೆ.

ಹೊಸಕೋಟೆಯಲ್ಲಿ ಹೆಡ್‌ಮಿಸ್ಟ್ರೆಸ್ ಒಬ್ಬರಿದ್ದರು. ತುಂಬ ಬಿಗಿ. ಅವರು ನಕ್ಕದ್ದನ್ನು ಕಂಡವರಿಲ್ಲ. ಪರೀಕ್ಷೆಗೆ ಮುಂಚೆ ಒಮ್ಮೆ ಓದಿಸಿ ನೋಡಲಿ ಎಂದು ಅತ್ತೆಯನ್ನು ಕರೆದುಕೊಂಡು ಹೋದೆ. ಅತ್ತೆ ಒಂದು ವಾಕ್ಯ ಓದಿದಳು. ನಿಂತಳು. ಅವರು ಸುಮ್ಮನಿದ್ದರು. ಅತ್ತೆ ಅದನ್ನೇ ಓದಿದಳು. ಅವರು ಕನ್ನಡಕ ಸರಿಮಾಡಿಕೊಂಡರು. ಅತ್ತೆ ಮತ್ತೂ ಗಟ್ಟಿಯಾಗಿ ಅದನ್ನೇ ಓದಿದಳು.

"ಏನಮ್ಮಾ ಇದು, ಮುಂದಕ್ಕೆ ಹೋಗು!"

"ನೀವು ಹೂಂ ಅಂದ್ರೆ ತಾನೆ ಹೋಗೋದು, ಅಮ್ಮಾವ್ರೇ?"

ನಾನು ಬಾಗಿಲ ಕಡೆ ಜಾರತೊಡಗಿದೆ. ಆದರೆ ನಂಬಿದರೆ ನಂಬಿ, ಆ ಹೆಂಗಸು ಅತ್ತ ಇತ್ತ ನೋಡಿ, ಸಣ್ಣಗೆ "ಹೂಂ" ಅಂದರು! ಅತ್ತೆ ಸರಾಗವಾಗಿ ಓದಿಕೊಂಡು ಹೋದಳು. ರೈಲಿನಲ್ಲಿ ಕೊಡೆ ಮರೆತ ಮುದುಕಿಯೊಬ್ಬಳ ಕಥೆ. ತುಂಡು ಮುಗಿದಾಗ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲೆ ಬಾಗಿ ಕೇಳಿದ್ದೇನು ಗೊತ್ತೆ? "ಆಮೇಲೆ? ಕೊಡೆ ಸಿಕ್ಕಿತಾ?" ಮರುಕ್ಷಣವೇ ಸೆಟೆದು ಕೂತು, "ಪರೀಕ್ಷೇಲಿ ಇದೆಲ್ಲ ನಡೆಯೋದಿಲ್ಲ. ತುಟಿ ಪಿಟಕ್ಕೆನ್ನದೆ ಓದಬೇಕು," ಅಂದರು.

ಆ ವಾರವೇ ಸೂಲಿಬೆಲೆಯಿಂದ ಅತ್ತೆಯ ಭಾವ ಬಂದರು. ಅಂದರೆ ತೀರಿಹೋದ ಗಂಡನ ಅಣ್ಣ. ಮನೆ ತುಂಬ ಮಕ್ಕಳು, ಕೊಟ್ಟಿಗೆ ತುಂಬ ಎಮ್ಮೆ. ಪುಕ್ಕಟೆ ಕೆಲಸಕ್ಕೆ ಒಂದು ಜೊತೆ ಕೈ ಬೇಕಾಗಿತ್ತು. ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಮುಳುಗಿಸುತ್ತ ನಮ್ಮಪ್ಪನಿಗೆ ಹೇಳಿದರು: "ಅಲ್ಲಾ, ಪಾಸಾಗಿ ಮೇಡಮ್ಮು ಆದ್ರೆ ಸರಿ. ಈ ಸಲಾನೂ ಹೋದ್ರೆ ಗಾಡಿ ಕಳಿಸ್ತೀನಿ, ಕಳಿಸ್ಕೊಟ್ಬಿಡಿ. ನಮ್ಮನೆ ಹೆಣ್ಣು ನಮ್ಮನೇಲಿರ್ಲಿ." ಅಪ್ಪ ತಲೆ ಬಗ್ಗಿಸಿ ಒಪ್ಪಿದರು. ಭಾವನವರು ನಕ್ಕು ಸೇರಿಸಿದರು: "ಹೂಂ ಅನ್ನೋರು ಬೇಕಂತಲ್ಲ ಓದೋಕೆ? ನಮ್ಮ ಕೊಟ್ಟಿಗೇಲಿ ಬೇಕಾದಷ್ಟು ಎಮ್ಮೆ ಅವೆ!"

ಒಳಗಿನಿಂದ ಅಜ್ಜಿಯ ದನಿ ಬಂತು: "ಎಮ್ಮೆನೂ ಮೇವು ಹಾಕಿದ್ರೇನೇ ಹೂಂ ಅನ್ನಾದು ಕಣಪ್ಪ. ನನ್ ಮಗೀಗೆ ನೀವು ಅದ್ನೂ ಹಾಕ್ಲಿಲ್ಲ."

ಭಾವನವರಿಗೆ ಮುದ್ದೆ ಗಂಟಲಲ್ಲಿ ನಿಂತಿತು. ನಾನು ನೀರು ಕೊಡಲು ಸ್ವಲ್ಪ ತಡ ಮಾಡಿದೆ.

ಅಂದಿನಿಂದ ಮೌನವಾಗಿ ಓದುವ ಅಭ್ಯಾಸ ಶುರುವಾಯಿತು. ಅಬ್ಬಬ್ಬಾ! "ಮನಸ್ಸಲ್ಲೇ ಹೂಂ ಅಂದ್ಕೋ ಅತ್ತೆ," ಅಂದೆ. ಮನಸ್ಸಿನೊಳಗಿನ ಹೂಂ ಮೂಗಿನಿಂದ ಸೋರಿತು. ಬಾಯಿಗೆ ಅಡಿಕೆ ಹಾಕಿಸಿದೆ. ಅಡಿಕೆ ಕಡಿಯುವ ಸದ್ದಿಗೇ ಮುಂದಿನ ವಾಕ್ಯಕ್ಕೆ ಹೋದಳು. ಗೋಡೆಯ ಹಲ್ಲಿ ಲೊಚಗುಟ್ಟಿದರೆ ಅದನ್ನೂ ಲೆಕ್ಕಕ್ಕೆ ಹಿಡಿದಳು. ಆದರೆ ಪರೀಕ್ಷೆಗೆ ಹಲ್ಲಿ ಹಿಡಿದುಕೊಂಡು ಹೋಗಲಾದೀತೆ?

ಪರೀಕ್ಷೆಯ ದಿನ ಅಜ್ಜಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೊಸಕೋಟೆಯ ಶಾಲೆಯ ಹೊರಗೆ ಹೊಂಗೆಮರದ ಕೆಳಗೆ ಕೂರಿಸಿದೆ. ಅತ್ತೆ ಒಳಗೆ ಕಿಟಕಿಯ ಪಕ್ಕ ಕೂತಿದ್ದು ದೂರದಿಂದ ಕಾಣುತ್ತಿತ್ತು. ನಾನು ಸುಮ್ಮನಿರುವವನೇ? ಕಿಟಕಿಯ ಕೆಳಗೆ ಹೋಗಿ ಪಾರಿವಾಳದ ಹಾಗೆ ಗುಟುರು ಹಾಕಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಸೂರಿನಿಂದ ನಿಜವಾದ ಪಾರಿವಾಳವೊಂದು ಜಗಳಕ್ಕೆ ಇಳಿದು ಬಂತು, ಹಿಂದೆಯೇ ಜವಾನನೂ ಬಂದ. ಇಬ್ಬರೂ ಸೇರಿ ನನ್ನನ್ನು ಹೊಂಗೆಮರದವರೆಗೂ ಅಟ್ಟಿದರು.

ಏದುಸಿರು ಬಿಡುತ್ತ ಕೂತೆ. ಪಕ್ಕದಲ್ಲಿ "ಹೂಂ" ಎಂದು ಕೇಳಿಸಿತು. ನನಗೇ ಹೇಳಿದಳೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ "ಹೂಂ". ಅಜ್ಜಿ ಶಾಲೆಯ ಗೋಡೆಯ ಕಡೆ ಮುಖ ಮಾಡಿ, ಬೆರಳುಗಳಲ್ಲಿ ಇಲ್ಲದ ಅವರೆಕಾಳು ಹಿತುಕುತ್ತ, ಬಿಟ್ಟು ಬಿಟ್ಟು ಹೂಂ ಅನ್ನುತ್ತಿದ್ದಳು.

"ಅಜ್ಜೀ, ಅತ್ತೆ ಓದ್ತಿರೋದು ನಿಂಗೆ ಕೇಳಿಸ್ತದಾ?"

"ಇಲ್ಲ."

"ಮತ್ತೆ ನಿನ್ನ ಹೂಂ ಅವಳಿಗೆ ಕೇಳಿಸ್ತದಾ?"

"ಅದ್ ಅವ್ಳಿಗ್ ಗೊತ್ತು. ನೀನ್ ಸುಮ್ಕಿರ್ಲಾ, ಕಥೆ ದಾರಿ ತಪ್ತದೆ."

ಅತ್ತೆ ಹೊರಗೆ ಬಂದಾಗ ನಾನು ಕೇಳಿದ್ದು ಒಂದೇ: "ಪ್ಯಾಸೇಜು?" ದಾರಿಯುದ್ದಕ್ಕೂ ಹೇಳಿದಳು. ಯಾವುದೋ ಊರಿನ ಗೋಪುರದ ಗಡಿಯಾರ ನಿಂತುಹೋಗಿದೆ. ರಿಪೇರಿಗೆಂದು ಮುದುಕನೊಬ್ಬ ಮೇಲೆ ಹತ್ತುತ್ತಾನೆ. ನೋಡಿದರೆ ಚಕ್ರಗಳ ನಡುವೆ ಗುಬ್ಬಿಗೂಡು, ಒಳಗೆ ಮರಿಗಳು. ಮುದುಕ ಉಪಕರಣ ಕೆಳಗಿಟ್ಟು ಯೋಚಿಸುತ್ತ ಕೂರುತ್ತಾನೆ.

"ಹೂಂ. ಆಮ್ಯಾಕೆ?" ಎಂದಳು ಅಜ್ಜಿ.

"ಅಷ್ಟೇ ಇದ್ದದ್ದು ಅವ್ವ. ಪ್ರಶ್ನೆಗೆಲ್ಲ ಉತ್ತರ ಬರೆದೆ. ಗಡಿಯಾರ ಯಾಕೆ ನಿಂತಿತ್ತು ಅಂದ್ರೆ ಗೂಡು ಅಂತ್ಲೇ ಬರೆದೆ ಕಣೋ, ನೀನು ಹೇಳಿದ ಹಾಗೆ. ಆಮೇಲೆ ಇನ್ನೂ ಹೊತ್ತಿತ್ತು. ಅದಕ್ಕೆ ಮಿಕ್ಕ ಕಥೇನೂ ಬರೆದ್ಬಿಟ್ಟೆ."

ಸೂಲಿಬೆಲೆಯ ಗಾಡಿಯ ಗೆಜ್ಜೆ ಕಿವಿಯಲ್ಲೇ ಕೇಳಿಸಿತು. "ಏನಂತ ಬರೆದೆ?"

"ಮರಿಗಳು ಹಾರೋ ತನಕ ಊರೋರು ನೆರಳು ನೋಡ್ಕೊಂಡು ಹೊತ್ತು ತಿಳ್ಕೊಂಡ್ರು ಅಂತ."

ಅಜ್ಜಿ ನಡೆಯುತ್ತಿದ್ದವಳು ನಿಂತಳು. ಯೋಚಿಸಿದಳು. "ಹೂಂ. ಸರಿಯಾಗ್ ಬರೆದೆ."

ಪಾಸಾಯಿತು ಸ್ವಾಮೀ! ಗಾಡಿ ಬರಲಿಲ್ಲ. ಆ ಪತ್ರಿಕೆ ತಿದ್ದಿದ ಪುಣ್ಯಾತ್ಮ ಯಾರೋ ಕಾಣೆ. ಕೆಂಪು ಮಸಿ ಕೆಳಗಿಟ್ಟು ಆತನೂ ಒಂದು ಹೂಂ ಅಂದಿರಬೇಕು.

ಅತ್ತೆಗೆ ದೊಡ್ಡಬೆಳವಂಗಲದ ಕಡೆಯ ಒಂದು ಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಮುಂದಿನ ಅವರೆಕಾಯಿಯ ಕಾಲಕ್ಕೆ ಅಜ್ಜಿ ಇರಲಿಲ್ಲ.

ಮೊನ್ನೆ ಅವರೆಕಾಯಿಯ ಚೀಲ ಹೊತ್ತುಕೊಂಡು ಅತ್ತೆಯ ಶಾಲೆಗೆ ಹೋಗಿದ್ದೆ. ಪಾಠ ನಡೆಯುತ್ತಿತ್ತು. ಹೊರಗೆ ಜಗಲಿಯ ಮೇಲೆ ಕೂತೆ. ಅತ್ತೆ ಆ ದೀಪದ ಮುದುಕನ ಕಥೆಯನ್ನೇ ಓದುತ್ತಿದ್ದಳು. ವಾಕ್ಯಕ್ಕೊಂದು ಸಲ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ "ಹೂಂ" ಅನ್ನುತ್ತಿದ್ದವು, ಹಂಚು ಹಾರುವ ಹಾಗೆ. ಆದರೂ ಅತ್ತೆ ಪ್ರತಿಸಲ ಒಂದು ಗಳಿಗೆ ತಡೆಯುತ್ತಿದ್ದಳು. ಕಿಟಕಿಯ ಕಡೆ ನೋಡುತ್ತಿದ್ದಳು. ಇನ್ನೂ ಒಂದು ಬರಬೇಕಾಗಿದೆ ಎನ್ನುವಂತೆ.

ಎಣ್ಣೆಯ ದೋಣಿ ಇನ್ನೂ ಬಂದಿರಲಿಲ್ಲ. ಮುದುಕ ಬತ್ತಿ ಸಣ್ಣದು ಮಾಡಿ ಕತ್ತಲ ಕಡೆ ನೋಡುತ್ತ ನಿಂತಿದ್ದ. ಎಷ್ಟು ಸಲ ಕೇಳಿದ ಕಥೆ! ಆದರೂ ದೋಣಿ ಬರುತ್ತದೋ ಇಲ್ಲವೋ ಎಂದು ಆ ಹೊತ್ತು ನನಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನನಗೇ ಗೊತ್ತಿಲ್ಲದೆ ನನ್ನ ಮೂಗಿನಿಂದ ಹೊರಟು ಎದೆಗೆ ಇಳಿಯಿತು, "ಹೂಂ."

ಅತ್ತೆ ತಿರುಗಿ ನೋಡಲಿಲ್ಲ. ಸೆರಗಿನಿಂದ ಒಮ್ಮೆ ಕಣ್ಣು ಒತ್ತಿಕೊಂಡು, ಮುಂದಿನ ವಾಕ್ಯ ಓದಿದಳು.