ತವರೂರಿನ ಗಿರಾಕಿ

ಅಣವೀರಪ್ಪ: ಮನಿ ನೋಡಾಕ ಬಂದವ್ರು ನಳಕ್ಕ ನೀರು ಯಾವಾಗ ಬರ್ತಾವಂತ ಕೇಳಿದ್ರ ಏನಂತಿ?

ಶಾರದಾಬಾಯಿ: ಆರು ದಿನಕ್ಕೊಮ್ಮಿ.

ಅಣವೀರಪ್ಪ: ಏ ಶಾರದಾ! ‘ಬರ್ತಾವ್ರಿ’ ಅನ್ನು, ಸಾಕು. ಅದೇನು ಸುಳ್ಳಲ್ಲಲ್ಲ?

ಶಾರದಾಬಾಯಿ: ಯಾವಾಗ ಅಂತ ಕೇಳಿದ್ರ ಬರ್ತಾವ ಅನ್ನಾಕ ನಾ ಏನು ಬಸ್ ಸ್ಟ್ಯಾಂಡಿನ ವಿಚಾರಣಾ ಕೌಂಟರಿನ್ಯಾಗ ಕುಂತೀನೇನ್ರಿ?

ಹೆಂಡತಿಯ ಬಸ್ಸಿನ ಮಾತು ಅಣವೀರಪ್ಪನಿಗೆ ಚುಚ್ಚಿತು. ಕಮಲಾಪುರದ ಕಾಲೇಜಿನಲ್ಲಿ ಅವನು ಗುಮಾಸ್ತ. ಕೋಟನೂರಿನ ಈ ಮನೆಯಿಂದ ಎರಡು ವರ್ಷ ದಿನವೂ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬಂದು, ಮೊಣಕಾಲು ಮಾತಾಡತೊಡಗಿದ್ದವು. ಈ ಮನೆ ಮಾರಿ ಅಲ್ಲೇ ಒಂದು ಮನೆ ಕೊಳ್ಳೋಣವೆಂದು ಗೇಟಿಗೆ ಬೋರ್ಡು ತೂಗುಹಾಕಿ ಒಂಬತ್ತು ತಿಂಗಳಾಗಿತ್ತು. ನಾಲ್ವರು ಗಿರಾಕಿಗಳು ಬಂದು ಚಹಾ ಕುಡಿದು ಹೋಗಿದ್ದರು. ಈಗ ಕೊರಿಯರಿನವರೂ ವಿಳಾಸವನ್ನು ‘ಮಾರಾಟಕ್ಕಿದ್ದ ಮನಿ’ ಎಂದೇ ಕೇಳುತ್ತಿದ್ದರು.

ಐದನೆಯವನು ನೀಲಕಂಠ. ಬಂದವನೇ ಪಡಸಾಲೆಯ ಗೋಡೆಯನ್ನೇ ದಿಟ್ಟಿಸಿದ.

ನೀಲಕಂಠ: ಒಂದೇ ಗ್ವಾಡಿಗಿ ಮೂರು ಕ್ಯಾಲೆಂಡರ್ ಯಾಕ್ರಿ?

ಅಣವೀರಪ್ಪ: ನಮ್ಮಲ್ಲಿ ತಾರೀಖು ಭಾಳ ನೋಡ್ತೇವ್ರಿ.

ನೀಲಕಂಠ: ಒಂದು ಹ್ವಾದ ವರ್ಷದ್ದದ.

ಅಣವೀರಪ್ಪ: ಹಿಂದಿಂದೂ ನೋಡ್ತೇವ್ರಿ.

ಶಾರದಾಬಾಯಿ ಚಹಾ ತಂದಿಟ್ಟಳು.

ಶಾರದಾಬಾಯಿ: ಯಾವ ಊರ್ರಿ ನಿಮ್ದು?

ಅಣವೀರಪ್ಪ ಕೆಮ್ಮಿದ. ಅವನು ಹೇಳಿಕೊಟ್ಟ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ.

ನೀಲಕಂಠ: ಕಮಲಾಪುರ್ರಿ. ಬಾಳೆಹಣ್ಣಿನ ವಖಾರಿ ಹಿಂದಿನ ಓಣಿ.

ಶಾರದಾಬಾಯಿ: ಅಯ್ಯ ಅಣ್ಣಾ! ಅದರ ಬಾಜೂ ಓಣಿನೇ ನಮ್ಮಪ್ಪನ ಮನಿ!

ಅಣವೀರಪ್ಪ ಮತ್ತೆ ಕೆಮ್ಮಿದ.

ಶಾರದಾಬಾಯಿ: ನೀವು ಎಷ್ಟರ ಕೆಮ್ಮರಿ, ತವರೂರಿನವರಿಗಿ ನಾ ಮುಚ್ಚಿಡಂಗಿಲ್ಲ. ಅಣ್ಣಾ, ನೀರು ಆರು ದಿನಕ್ಕೊಮ್ಮಿ. ಮಳಿ ಬಂದ್ರ ಛತ್ತು ಸೋರ್ತದ, ಕ್ಯಾಲೆಂಡರ್ ಎತ್ತಿ ಗ್ವಾಡಿ ಮ್ಯಾಲಿನ ಕಲೆ ನೋಡು. ಬ್ಯಾಸಗ್ಯಾಗ ಮ್ಯಾಲಿನ ಖೋಲ್ಯಾಗ ಹಪ್ಪಳ ಇಟ್ರ ತಾನೇ ಸುಟ್ಟಿರ್ತದ.

ನೀಲಕಂಠ ಕ್ಯಾಲೆಂಡರ್ ಎತ್ತಿದ. ನೋಡಿದ. ಮೆಲ್ಲಗೆ ಬಿಟ್ಟ. ಅಣವೀರಪ್ಪ ಮನಸ್ಸಿನಲ್ಲೇ ಆರನೆಯ ಗಿರಾಕಿಯನ್ನು ಕಾಯತೊಡಗಿದ.

ನೀಲಕಂಠ: ತಂಗಿ, ನೀ ಖರೇ ಹೇಳ್ದಿ, ನಾನೂ ಖರೇ ಹೇಳ್ತೀನಿ. ನನ್ನ ಅಂಗಡಿ ಈ ಕಡಿ ಸೇಡಂ ರಸ್ತೆದಾಗ ಅದ. ದಿನಾ ಬಸ್ಸಿನ್ಯಾಗ ನಿಂತು ಬಂದು ಮೊಣಕಾಲು ಹ್ವಾದವು. ಆದ್ರ ಕಮಲಾಪುರದ ಮನಿ ಮಾರೂತನಕ ಇಲ್ಲಿ ತಗೊಳ್ಳಾಕ ಆಗಂಗಿಲ್ಲ. ಬೋರ್ಡ್ ಹಾಕಿ ಎರಡು ವರ್ಷಾತು.

ಅಣವೀರಪ್ಪ: ಮತ್ತ ಇಲ್ಲಿಗಿ ಯಾಕ ಬಂದ್ರಿ?

ನೀಲಕಂಠ: ಮಂದಿ ಹ್ಯಾಂಗ ಮಾರ್ತಾರ ನೋಡಾಕ.

ಸ್ವಲ್ಪ ಹೊತ್ತು ಮೂವರೂ ಚಹಾ ಕುಡಿದರು. ಬೆಳಿಗ್ಗೆ ಅತ್ತ ಹೋಗುವ ಬಸ್ಸಿನಲ್ಲಿ ತಾನು, ಇತ್ತ ಬರುವ ಬಸ್ಸಿನಲ್ಲಿ ಇವನು. ಎರಡು ವರ್ಷ ಇಬ್ಬರೂ ದಾರಿಯ ನಡುವೆ ಎದುರಾಗಿ ನಿಂತೇ ಹೋಗಿದ್ದೇವೆ ಎಂಬುದು ಅಣವೀರಪ್ಪನಿಗೆ ಹೊಳೆಯಿತು.

ಅಣವೀರಪ್ಪ: ಹಂಗಂದ್ರ... ನಿಮ್ದು ನಾವು, ನಮ್ದು ನೀವು ತಗೊಂಡ್ರ?

ನೀಲಕಂಠ: ಐತವಾರ ಬಂದು ನೋಡ್ರಿ.

ಅಣವೀರಪ್ಪ: ಮನ್ಯಾಗ ಏನರ ಊನ?

ನೀಲಕಂಠ: ಏನೂ ಇಲ್ರಿ.

ಶಾರದಾಬಾಯಿ: ನಮ್ಮ ಊರ ಮಂದಿ ಸುಳ್ಳು ಹೇಳಂಗಿಲ್ಲ.

ಭಾನುವಾರ ಗಂಡ ಹೆಂಡತಿ ಕಮಲಾಪುರಕ್ಕೆ ಹೋದರು. ಬಸ್ಸಿನಲ್ಲಿ ನಿಂತು. ನೀಲಕಂಠ ಬಾಗಿಲಲ್ಲೇ ಒಂದು ಡಜನ್ ಕೆಂಪು ಬಾಳೆಹಣ್ಣು ಕೈಗಿಟ್ಟು ಒಳಗೆ ಕರೆದ. ಪಡಸಾಲೆಯ ಗೋಡೆಗೆ ಹೊಸ ಮೊಳೆ ಹೊಡೆದು ಸಾಲಾಗಿ ನಾಲ್ಕು ಕ್ಯಾಲೆಂಡರ್ ತೂಗುಬಿಟ್ಟಿದ್ದ.

ಶಾರದಾಬಾಯಿ ಕ್ಯಾಲೆಂಡರ್ ನೋಡಿದಳು, ಗಂಡನ ಮುಖ ನೋಡಲಿಲ್ಲ. ದಾರಿಯುದ್ದಕ್ಕೂ ನಿಂತೇ ಬಂದ ಅಣವೀರಪ್ಪನಿಗೆ ಕಡೆಗೂ ಕೂಡಲು ಒಂದು ಕುರ್ಚಿ ಸಿಕ್ಕಿತ್ತು. ಮೊಣಕಾಲು ಚಾಚಿ ಕೂತು, ಬಾಳೆಹಣ್ಣು ಸುಲಿಯುತ್ತ ಮತ್ತೊಮ್ಮೆ ಎಣಿಸಿದ.

ಅಣವೀರಪ್ಪ: ನಮ್ಮವು ಮೂರು, ನಿಮ್ಮವು ನಾಕು. ಒಂದು ಕ್ಯಾಲೆಂಡರಿನ ಫರಕ ಅದ ನೋಡ್ರಿ. ಅದಕ್ಕ ಎಷ್ಟು ಬಿಡ್ತೀರಿ ಹೇಳ್ರಿ, ಮಾತು ಮುಗಸೂಣ.