ಮಾವನ ಕನಸು ಎಲ್ಲಿಡಬೇಕು?

ನಮ್ಮ ಸೋದರಮಾವನಂಥ ಕನಸುಗಾರ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. ದೊಡ್ಡ ದೊಡ್ಡ ಯೋಜನೆ ಹಾಕುವವನು ಎಂದುಕೊಂಡಿರಾ? ಛೆ, ಮಾವ ನಿಜವಾಗಿಯೂ ಮಲಗಿ ಕನಸು ಕಾಣುವವನು! ಬೆಳಗಾದರೆ ಅದನ್ನು ಅತ್ತೆಗೆ ಹೇಳಿಯೇ ಚಹಾ ಕುಡಿಯಬೇಕು. ತೊಂದರೆಯೆಂದರೆ ಅತ್ತೆ ನಿದ್ದೆಗುಳಿಗೆ ನುಂಗಿ ತಡವಾಗಿ ಏಳುತ್ತಾಳೆ. ಅಷ್ಟರಲ್ಲಿ ಕನಸು ಕೈಯೊಳಗಿನ ಐಸ್‌ಕ್ಯಾಂಡಿಯಂತೆ ಕರಗಿ, ಬರೀ ಕಡ್ಡಿ ಉಳಿದಿರುತ್ತದೆ.

ನಾನು ಇದೇ ಊರಿನ ಖರಾಡಿಯಲ್ಲಿ ಮೊಬೈಲ್ ಆ್ಯಪ್ ಕಟ್ಟುವವಳು. "ನಿನ್ನ ವಿದ್ಯಾ ಮನಿಗೆ ಏನರ ಉಪಯೋಗ ಆಗ್ತದೋ ಇಲ್ಲೋ? ಕನಸ ಹಿಡದಿಡೋದೊಂದು ಆ್ಯಪ್ ಮಾಡಿ ಕೊಡು," ಎಂದ ಮಾವ. ಮಾಡುವುದೇನೋ ಸುಲಭ, ಇಡುವುದೆಲ್ಲಿ? ಫೋನಿನಲ್ಲೋ, ದೂರದ ಕ್ಲೌಡಿನಲ್ಲೋ, ಎರಡೂ ಕಡೆಯೋ? ನಮ್ಮ ಆಫೀಸಿನಲ್ಲಿ ಈ ಒಂದು ಪ್ರಶ್ನೆಗೆ ದಿನಗಟ್ಟಲೆ ಮೀಟಿಂಗ್ ನಡೆಯುತ್ತವೆ. ಮಾವ ಒಂದೇ ಮಾತಿನಲ್ಲಿ ಮುಗಿಸಿದ.

"ಕ್ಲೌಡ್ ಅಂದ್ರ ಮಂದಿ ಕಂಪ್ಯೂಟರ್. ನನ್ನ ಕನಸು ಮಂದಿ ಮನ್ಯಾಗ ಯಾಕ ಮಲಗಬೇಕು?"

ಮಾವ ಪುಣೆಯದೇ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿ, ಅಲ್ಲೇ ಮನೆ ಮಾಡಿಕೊಂಡವನು. ಒಳಗಿನದು ಗೇಟು ದಾಟಬಾರದು ಎಂಬುದು ರಕ್ತದಲ್ಲೇ ಬೆರೆತುಬಿಟ್ಟಿದೆ. ಊಟದ ಡಬ್ಬಿಯಲ್ಲಿ ಯಾವ ಪಲ್ಯ ಇತ್ತು ಎಂಬುದನ್ನೂ ಹೊರಗೆ ಬಾಯಿಬಿಟ್ಟವನಲ್ಲ! ಸರಿ, ಫೋನಿನಲ್ಲೇ ಇರಲಿ ಎಂದೆ. ಸ್ವಲ್ಪ ದಿನ ಸುಖವಾಗಿ ನಡೆಯಿತು. ಆಮೇಲೆ ಫೋನು ಬಚ್ಚಲಿನ ಬಕೆಟ್ಟಿಗೆ ಬಿತ್ತು. ಮಾವ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದ. ಅಕ್ಕಿಯೆಲ್ಲ ಅನ್ನವಾಗಿ ಖಾಲಿಯಾಯಿತು, ಫೋನು ಮಾತ್ರ ಏಳಲಿಲ್ಲ.

"ಹೋಗ್ಲಿ, ಕ್ಲೌಡಿಗೇ ಕಳಸು," ಎಂದ ಸೋತ ದನಿಯಲ್ಲಿ, ಹೊಸ ಫೋನು ನನ್ನ ಕೈಗೆ ಕೊಟ್ಟು.

ಈಗ ಬೇರೆ ಪೇಚು: ನೆಟ್‌ವರ್ಕ್ ಇಲ್ಲದೆ ಬರೆಯುವಂತಿಲ್ಲ. ಅವನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗ್ಯಾಲರಿಯ ತುಳಸಿ ಕುಂಡದ ಹತ್ತಿರ ಮಾತ್ರ. ಕನಸು ಬೀಳುವುದು ಒಳಕೋಣೆಯ ಮಂಚದ ಮೇಲೆ. ನಸುಕಿನಲ್ಲಿ ಮಾವ ಕಣ್ಣು ಅರೆಮುಚ್ಚಿ, ತುಂಬಿದ ಲೋಟ ಹಿಡಿದವನ ಹಾಗೆ ಮೆಲ್ಲಗೆ ಗ್ಯಾಲರಿಗೆ ನಡೆಯುತ್ತಿದ್ದ. ಹೊರಗೆ ಬೆಳಗಿನ ಮಬ್ಬು, ದೂರದಲ್ಲಿ ಲೋಕಲ್ ರೈಲಿನ ಸದ್ದು. ಆ ಹೊತ್ತಿನಲ್ಲಿ ಖಡಕಿ ಎಲ್ಲಿ ಮುಗಿಯಿತು, ಕನಸು ಎಲ್ಲಿ ಶುರುವಾಯಿತು ಎಂದು ಅವನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೆಳಗಿನಿಂದ ಹಾಲಿನವನು "ಕಾಕಾ, ದೂಧ್!" ಎಂದು ಕೂಗಿದರೆ ಮುಗಿಯಿತು.

"ಆನಿ ಮ್ಯಾಲೆ ಕೂತಿದ್ದೆ. ಎಲ್ಲಿಗೆ ಹೊಂಟಿತ್ತೋ ಏನೋ, ಹಾಲಿನಂವ ಓಡಿಸಿಬಿಟ್ಟ," ಎಂದು ನನ್ನ ಹತ್ತಿರ ಗೋಳಾಡಿದ.

ಕೊನೆಗೆ ಸಿಂಕ್ ಮಾಡಿಕೊಟ್ಟೆ. ಮಂಚದ ಮೇಲೇ ಬರೆದರೆ ಮೊದಲು ಫೋನಿನಲ್ಲಿ ಉಳಿಯುತ್ತದೆ. ನೆಟ್‌ವರ್ಕ್ ಸಿಕ್ಕಾಗ ತಾನೇ ಕ್ಲೌಡಿಗೆ ಹೋಗಿ, ಅಲ್ಲಿಂದ ಅತ್ತೆಯ ಫೋನಿಗೂ ಇಳಿಯುತ್ತದೆ. "ಅಕಿ ಫೋನಿಗೆ ಹೋಗೇ ಹೋಗ್ತದಲ್ಲ?" ಎಂದು ಮಾವ ಮತ್ತೆ ಮತ್ತೆ ಕೇಳಿದ. ಗೇಟು ದಾಟಿಸದವನಿಗೆ ಇದೆಂಥ ಆತುರ ಎಂದು ಛೇಡಿಸಿದೆ.

"ಆ ಗುಳಿಗಿ ಶುರು ಆದಾಗಿಂದ ಅಕಿಗೆ ಕನಸ ಬೀಳೂದಿಲ್ಲವ್ವಾ," ಎಂದ. "ರಾತ್ರಿ ಎಲ್ಲಾ ಬರೇ ಕತ್ತಲ ಅಂತಾಳ. ಅದಕ್ಕ ನಂದರಾಗ ಅರ್ಧಾ ಕೊಡೋಣಂತ."

ನಾನು ಅತ್ತೆಯ ಫೋನು ತೆಗೆದುಕೊಂಡು, ಓದಲಷ್ಟೇ ಅಲ್ಲ, ಬರೆಯಲೂ ಬರುವಂತೆ ಆ್ಯಪ್ ಹಾಕಿದೆ.

ಕಳೆದ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ಮಾವನ ಫೋನು ತಕರಾರು ತೆಗೆಯಿತು. ಮಾವ ಬೆಳಗಿನ ಕನಸನ್ನು ಇನ್ನೂ ತಿದ್ದುತ್ತಿದ್ದ. ಅಷ್ಟರಲ್ಲಿ ಅತ್ತೆಯೂ ತನ್ನ ಫೋನಿನಿಂದ ಅದನ್ನೇ ತಿದ್ದಿದ್ದಳು. ಯಾವುದನ್ನು ಉಳಿಸಲಿ ಎಂದು ಆ್ಯಪ್ ಕೇಳುತ್ತಿತ್ತು.

ಮಾವ ಬರೆದದ್ದು: "ಖಡಕಿ ಸ್ಟೇಷನ್ನು. ಗಾಡಿ ಹೋತು. ಪ್ಲಾಟ್‌ಫಾರ್ಮಿನ್ಯಾಗ ನಾ ಒಬ್ಬನ ಉಳದೆ."

ಅದರ ಕೆಳಗೆ ಅತ್ತೆಯದು: "ನಾ ನಿಮ್ಮ ಹಿಂದಿನ ಬೆಂಚಿನ ಮ್ಯಾಲೆ ಕೂತಿದ್ದೆ. ನೀವು ತಿರುಗಿ ನೋಡ್ಲಿಲ್ಲ."

ಮಾವ ಎರಡನ್ನೂ ಮತ್ತೊಮ್ಮೆ ಓದಿದ. ಒಳಗೆ ಅತ್ತೆ ಚಹಾ ಸೋಸುತ್ತಿದ್ದಳು.

"ಅಕಿದು ಇರ್ಲಿ," ಎಂದು ಬೆರಳು ಒತ್ತಿದ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ:

"ನಾಳೆ ತಿರುಗಿ ನೋಡ್ತೀನಿ. ಅಲ್ಲೇ ಕೂತಿರು."