ವಾಯರ್ ಇಲ್ಲದ ಬೆಳಕು

ತಂತಿಯ ದಾಸ್ಯದಿಂದ ಸಾಂಗಲಿಯ ಛಾಯಾಗ್ರಹಣವನ್ನು ಬಿಡುಗಡೆ ಮಾಡಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟದ್ದು ನಾದಿನಿ ಗಾರ್ಗಿಯ ಮದುವೆಯ ಹಿಂದಿನ ವಾರ. ಸ್ಟುಡಿಯೋದಲ್ಲಿ ನಾನು ಸಂಬಳದ ಆಳು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ಕಾಲರ್ ಸರಿಪಡಿಸುವುದೇ ಅಲ್ಲಿ ನನ್ನ ಮುಖ್ಯ ಹೊಣೆ. ಈ ಮದುವೆ ಮಾತ್ರ ಪೂರ್ತಿ ನನ್ನದು. ದೊಡ್ಡ ಸ್ಟುಡಿಯೋದವರನ್ನು ಕರೆಸಲು ಹೊರಟಿದ್ದ ಅತ್ತೆಗೆ ನನ್ನ ಹೆಂಡತಿ ಸುನೇತ್ರಾ ಅಡ್ಡ ನಿಂತು, ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಹೊರಗಿನವರೇಕೆ ಎಂದುಬಿಟ್ಟಿದ್ದಳು.

ಅತ್ತೆ, ಅಂದರೆ ನಮ್ಮೆಲ್ಲರ ಆಯಿ, ಒಂದೇ ಷರತ್ತಿಗೆ ಒಪ್ಪಿದರು. ನಡುವಿನ ಅಂತರಪಾಟದ ಬಟ್ಟೆ ಸರಿದು ಹುಡುಗ ಹುಡುಗಿ ಮುಖ ನೋಡಿಕೊಳ್ಳುವ ಗಳಿಗೆ ಫೋಟೋದಲ್ಲಿ ಬರಲೇಬೇಕು. ನಮ್ಮ ಮದುವೆಯ ಆ ಫೋಟೋದಲ್ಲಿ ಯಾರದೋ ಅಕ್ಷತೆ ತುಂಬಿದ ಕೈ ಅಡ್ಡ ಬಂದು, ಸುನೇತ್ರಾ ಒಂದು ಅಂಗೈಯನ್ನು ಮದುವೆಯಾದಂತೆ ಕಾಣುತ್ತಾಳೆ. ಈ ಸಲದ ಫೋಟೋಕ್ಕೆಂದು ಆಯಿ ಮುಂಚೆಯೇ ತಮ್ಮ ಮನೆಯ ಗೋಡೆಗೆ ಮೊಳೆ ಹೊಡೆಸಿಟ್ಟಿದ್ದರು.

ಮಂಟಪದ ಎರಡು ಮೂಲೆಗೆ ದೊಡ್ಡ ಫ್ಲ್ಯಾಶ್ ನಿಲ್ಲಿಸಿ, ಕ್ಯಾಮೆರಾದಿಂದ ಅವುಗಳವರೆಗೆ ವಾಯರ್ ಎಳೆಯುವುದು ನಮ್ಮ ಸ್ಟುಡಿಯೋದ ಪದ್ಧತಿ. ನಾನು ತಂದವಾದರೋ ಕಣ್ಣುಳ್ಳವು. ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್ ಕಣ್ಣು ಹೊಡೆದರೆ ಸಾಕು, ಅದನ್ನು ಕಂಡು ತಾವೂ ಮಿಂಚುತ್ತವೆ. ಮಿಂಚಿದ ಮೇಲೆ ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳುತ್ತವೆ, ಅಷ್ಟೇ.

"ಬ್ಯಾರೆ ಯಾರರೆ ಫ್ಲ್ಯಾಶ್ ಹೊಡದ್ರ?" ಎಂದಳು ಸುನೇತ್ರಾ.

"ಈಗ ಎಲ್ಲಾರ ಕೈಯಾಗೂ ಮೊಬೈಲ್. ಅದರ ದೀಪಕ್ಕ ಇವು ಕ್ಯಾರೆ ಅನ್ನಂಗಿಲ್ಲ."

"ಆದ್ರೂ ವಾಯರ್ ಇರ್ಲಿ."

"ಇನ್ನೂರು ಮಂದಿ, ನಾಕ್ನೂರು ಕಾಲು. ಒಂದರೆ ಎಡವಂಗಿಲ್ಲೇನು?"

ಅವಳು ವಾದ ಬೆಳೆಸದೆ ವಾಯರನ್ನು ಚೀಲಕ್ಕೆ ತುರುಕಿದಳು.

ಮದುವೆಯ ದಿನ ಮಂಗಲ ಕಾರ್ಯಾಲಯದಲ್ಲಿ ಚೆಂಡುಹೂವಿನ ಕಮಾನು ಒಂದು ಕಡೆ ಜೋತುಬಿದ್ದಿತ್ತು. ಮಂಟಪದವರು ಹಗ್ಗಕ್ಕಾಗಿ ಪರದಾಡುತ್ತಿದ್ದರು. ನಾನು ಉದಾರವಾಗಿ ವಾಯರ್ ತೆಗೆದುಕೊಟ್ಟೆ. ಕಮಾನು ನೆಟ್ಟಗೆ ನಿಂತಿತು. ಅಂತೂ ಅದಕ್ಕೂ ಒಂದು ಕೆಲಸ ಸಿಕ್ಕಿತೆಂದು ಸುನೇತ್ರಾಳ ಕಡೆ ನೋಡಿ ನಕ್ಕೆ.

ಆಮೇಲೆ ಗಾರ್ಗಿಯ ಕೈಹಿಡಿದು ಅವಳ ಸೋದರಮಾವ ದಿಗಂಬರ ಮಾಮಾ ಬಂದರು. ವಧುವನ್ನು ಕರೆತಂದು, ಮಂಗಲಾಷ್ಟಕ ಮುಗಿಯುವವರೆಗೂ ಅವಳ ಬೆನ್ನ ಹಿಂದೆ ನಿಲ್ಲುವುದು ಮಾಮಾನ ಹಕ್ಕು. ಈ ಮಾಮಾನ ಕೊರಳಲ್ಲಿ ರೀಲು ಹಾಕುವ ಕಾಲದ ಕ್ಯಾಮೆರಾ ಜೋತಾಡುತ್ತಿತ್ತು. ಮಂಟಪದ ಮೆಟ್ಟಿಲಲ್ಲಿ ಅವರೊಮ್ಮೆ ಗುಂಡಿ ಒತ್ತಿದರು. ಅವರ ಫ್ಲ್ಯಾಶ್ ಮಿಂಚಿತು. ಅದನ್ನು ಕಂಡು ನನ್ನವೆರಡೂ ಮಿಂಚಿದವು, ನನ್ನನ್ನು ಒಂದು ಮಾತೂ ಕೇಳದೆ.

ಓಡಿದೆ. "ಮಾಮಾ, ಫ್ಲ್ಯಾಶ್ ಒಂದು ಬಂದ್ ಮಾಡ್ರಿ."

"ಅದಿಲ್ಲದ ರೀಲಿನ್ಯಾಗ ಏನ್ ಬರ್ತೈತಿ, ಜಾವಯಿಬಾಪು? ಇನ್ನೊಂದ ಫೋಟೋ ಉಳದೈತಿ, ಅಂತರಪಾಟಕ್ಕಂತ ಇಟ್ಟೀನಿ. ನಿಮ್ದು ನೀವು ತಗೀರಿ, ನಂದು ನಾ ತಗೀತೀನಿ."

ಮದುವೆಯಲ್ಲಿ ಮಾಮಾ ಮುನಿಸಿಕೊಂಡರೆ ಜಾವಯಿ, ಅಂದರೆ ಅಳಿಯ, ಊರು ಬಿಡಬೇಕಾಗುತ್ತದೆ. ವಾಯರ್ ಸಿಕ್ಕಿಸಿದರೆ ಫ್ಲ್ಯಾಶ್‌ಗಳು ಕಣ್ಣು ಮುಚ್ಚಿ ನನ್ನೊಬ್ಬನ ಮಾತನ್ನೇ ಕೇಳುತ್ತವೆ. ವಾಯರಿಗಾಗಿ ಮೇಲೆ ನೋಡಿದೆ. ಅದು ಚೆಂಡುಹೂವಿನ ಸಂದಿಯಿಂದ ನನ್ನನ್ನೇ ನೋಡುತ್ತಿತ್ತು. ಬಿಚ್ಚಿದರೆ ಕಮಾನು ನೇರ ವರನ ತಲೆಯ ಮೇಲೆ.

ಉಳಿದದ್ದು ಒಂದೇ ದಾರಿ: ಮಾಮಾನಿಗಿಂತ ರೆಪ್ಪೆ ಬಡಿಯುವಷ್ಟು ಮೊದಲು ಒತ್ತುವುದು. ಗಾರ್ಗಿಯ ಮುಖ ಸಿಗಲೆಂದು ವರನ ಹಿಂದೆ ಹೋಗಿ ನಿಂತೆ. ಎದುರಿಗೆ ಗಾರ್ಗಿ, ಅವಳ ಹಿಂದೆ ಮಾಮಾ. ಇಬ್ಬರೂ ಕ್ಯಾಮೆರಾ ಎತ್ತಿಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಭಟ್ಟರು ಕೊನೆಯ "ಸಾವಧಾನ" ಎಳೆದರು. ಪ್ರತಿ ಚರಣಕ್ಕೂ ಎಚ್ಚರಿಸಿದ ಅವರ ಮೇಲೆ ನನ್ನ ದೂರೇನಿಲ್ಲ. ಬಟ್ಟೆ ಸರಿಯಿತು. ಮಾಮಾ ಒತ್ತಿದರು. ಮೂಲೆಗಳೆರಡೂ ಧಗ್ಗೆಂದವು. ನಾನು ಕ್ಯಾಮೆರಾ ಇಳಿಸಿ, ಬಾಯಿ ತೆರೆದು ಆ ಕಡೆ ನೋಡಿದೆ. ಆಮೇಲೆ ನಾನೂ ಒತ್ತಿದೆ. ಮೂಲೆಯವು ದಣಿವಾರಿಸಿಕೊಳ್ಳುತ್ತಿದ್ದವು.

ಸಂಜೆ ಆಯಿಗೆ ತೋರಿಸಿದೆ. ಗಾಢಾಂಧಕಾರ. ನಡುವೆ ಗಾರ್ಗಿಯ ಮೂಗುನತ್ತೊಂದು ಹೊಳೆಯುತ್ತಿತ್ತು. ಆಯಿ ಬಹಳ ಹೊತ್ತು ನೋಡಿ, "ನತ್ತು ಚಂದ ಬಂದೈತಿ," ಎಂದರು. ಅಮ್ಮನ ಮುಂದೆ ತಲೆ ಎತ್ತಲಾಗದ ಸುನೇತ್ರಾ ಮನೆ ಮುಟ್ಟುವವರೆಗೂ ನನ್ನೊಡನೆ ಮಾತಾಡಲಿಲ್ಲ. ಮುಟ್ಟಿದ ಮೇಲೂ ಮಾತಾಡಲಿಲ್ಲ.

ಮೊಳೆ ಕೆಲವು ದಿನ ಖಾಲಿಯೇ ಇತ್ತು. ಆಮೇಲೆ ಮಾಮಾ ರೀಲು ತೊಳೆಸಿಕೊಂಡು ಬಂದರು. ಏನು ಫೋಟೋ ಅದು! ಗಾರ್ಗಿಯ ಕೆನ್ನೆಯ ಅಂಚು, ನಾಚಿ ನಗುವ ವರ, ಗಾಳಿಯಲ್ಲಿ ನಿಂತ ಒಂದೊಂದು ಅಕ್ಷತೆ ಕಾಳು. ಎರಡೂ ಮೂಲೆಯಿಂದ ಹದವಾದ ಬೆಳಕು. ಹಳೇ ಕ್ಯಾಮೆರಾದ ತಾಕತ್ತೇ ಬೇರೆ ಎಂದು ಮನೆಮಂದಿಯೆಲ್ಲ ಕೊಂಡಾಡಿದರು. ಮಾಮಾ ವಿನಯದಿಂದ ಎಲೆ ಅಡಿಕೆ ಹಾಕಿಕೊಂಡರು. ವರನ ಹೆಗಲಿಗೆ ಹತ್ತಿದಂತೆ, ಅಷ್ಟೇ ಹದವಾದ ಬೆಳಕಿನಲ್ಲಿ, ಬಾಯಿ ತೆರೆದು ನಾನು ನಿಂತಿದ್ದೆ. ನನ್ನನ್ನು ಕತ್ತರಿಸಿದರೆ ವರನ ಕಿವಿಯೂ ಹೋಗುತ್ತದೆ ಎಂದ ಫೋಟೋಕ್ಕೆ ಕಟ್ಟು ಹಾಕುವವನು.

ಹಾಗಾಗಿ ನಾನೂ ಮೊಳೆ ಏರಿದ್ದೇನೆ. ಮೊನ್ನೆ ಆಯಿಯ ಮನೆಗೆ ಬಂದ ನೆರೆಮನೆಯ ಹೆಂಗಸು, ಎಲ್ಲರ ಕಾಕು, ಫೋಟೋ ಹೊಗಳಿ, ಬೆರಳಿಟ್ಟು ಕೇಳಿದರು: "ಈ ಬಾಯಿ ತಗದ್ ನಿಂತಾವ್ರು ಯಾರವಾ?"

ಪಕ್ಕದಲ್ಲೇ ಚಹಾ ಹಿಡಿದು ಕೂತಿದ್ದ ನನ್ನ ಕಡೆ ಸುನೇತ್ರಾ ನೋಡಲೂ ಇಲ್ಲ.

"ಅವ್ರೇನ್ರಿ? ಲೈಟಿನವ್ರು."